ಅಡಿಕೆಯ ಲೆಕ್ಕ ಮತ್ತು ಕ್ಲೌಡ್ ಡೇಟಾಬೇಸ್

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಬೆಳೆಗಾರರ ವಿವರ ಒಂದು ಕೋಷ್ಟಕದಲ್ಲಿ, ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ವಿಂಗಡಿಸಿದ ಚೀಲಗಳ ತೂಕ ಮತ್ತು ದರ ಇನ್ನೊಂದರಲ್ಲಿ, ಪಾವತಿ ಮತ್ತೊಂದರಲ್ಲಿದ್ದು, ಬೆಳೆಗಾರನ ಸಂಖ್ಯೆಯೊಂದೇ ಈ ಮೂರನ್ನೂ ಬೆಸೆಯುತ್ತದೆ ಎಂದುಕೊಳ್ಳೋಣ. ಅದೇ ರಿಲೇಷನಲ್ ಡೇಟಾಬೇಸ್. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಮಂಡಿಸಿದ ಈ ಮಾದರಿ ಇಂದಿಗೂ ಬ್ಯಾಂಕು, ರೈಲ್ವೆಗಳ ಲೆಕ್ಕಕ್ಕೆ ಆಧಾರ. ಬೆಳೆಗಾರನಿಗೆ ಜಮೆ, ವರ್ತಕನಿಗೆ ಖರ್ಚು, ಇವೆರಡೂ ಒಟ್ಟಿಗೆ ದಾಖಲಾಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬ ಶಿಸ್ತನ್ನು ಅದು ತಾನೇ ಕಾಯುತ್ತದೆ.

ಆದರೆ ಅದನ್ನು ನಡೆಸುವ ಯಂತ್ರವನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವ ಊರುಗಳಲ್ಲಿ ಅದು ಸಣ್ಣ ಕೆಲಸವಲ್ಲ. ಬೇರೊಂದು ಸಂಸ್ಥೆಯ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುವುದೇ ಕ್ಲೌಡ್. 2009ರಲ್ಲಿ ಅಮೆಜಾನ್ ತನ್ನ ಕ್ಲೌಡ್‌ನಲ್ಲಿ ಆರಂಭಿಸಿದ ಆರ್‌ಡಿಎಸ್ ಸೇವೆ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್‌ಗಳ ಈ ಹೊರೆಯನ್ನು ತಾನೇ ಹೊತ್ತುಕೊಂಡಿತು. ಮೈಕ್ರೋಸಾಫ್ಟ್, ಗೂಗಲ್ ಸಹ ಇಂಥ ಸೇವೆ ತಂದವು. 2016ರಿಂದ ಅಮೆಜಾನ್‌ನ ಮುಂಬೈ ಕೇಂದ್ರಗಳೂ ಇರುವುದರಿಂದ ದತ್ತಾಂಶ ದೇಶದೊಳಗೇ ಉಳಿಯಬಲ್ಲದು.

ಇಲ್ಲಿ ಎರಡು ರಕ್ಷಣೆಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಬಹಳ ಮುಖ್ಯವೆಂದು ನನ್ನ ಅಭಿಪ್ರಾಯ. ಮೊದಲನೆಯದು ಜೋಡಿ ಯಂತ್ರ: ಪ್ರತಿ ಬರಹವೂ ಅದೇ ಕ್ಷಣ ಬೇರೊಂದು ಕಟ್ಟಡದ ಯಂತ್ರದಲ್ಲೂ ದಾಖಲಾಗುತ್ತದೆ, ಮುಖ್ಯ ಯಂತ್ರ ಕೆಟ್ಟರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಜೋಡಿಯು ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಗುಮಾಸ್ತರು ಕೈತಪ್ಪಿ ಒಂದು ಹಂಗಾಮಿನ ಪಾವತಿಗಳನ್ನೆಲ್ಲ ಅಳಿಸಿದರೆ ಆ ಅಳಿಕೆಯೂ ಅಷ್ಟೇ ನಿಷ್ಠೆಯಿಂದ ಜೋಡಿ ಯಂತ್ರಕ್ಕೆ ತಲುಪುತ್ತದೆ. ಆಗ ನೆರವಾಗುವುದು ಎರಡನೆಯದಾದ ಬ್ಯಾಕಪ್. ದಿನಕ್ಕೊಂದು ಪೂರ್ಣ ಪ್ರತಿಯ ಜೊತೆಗೆ ನಡೆದ ಬದಲಾವಣೆಗಳ ದಿನಚರಿಯನ್ನೂ ಸೇವೆ ಕಾಪಿಡುವುದರಿಂದ, ಹಳೆಯ ಪ್ರತಿಯ ಮೇಲೆ ಆ ದಿನಚರಿಯನ್ನು ಅಳಿಸುವ ಮುಂಚಿನ ಕ್ಷಣದವರೆಗೆ ಮರುನಡೆಸಿ ಹೊಸ ಡೇಟಾಬೇಸ್ ಪಡೆಯಬಹುದು. ಆರ್‌ಡಿಎಸ್‌ನ ಈ ಸ್ವಯಂಚಾಲಿತ ಬ್ಯಾಕಪ್ ಗರಿಷ್ಠ 35 ದಿನ ಉಳಿಯುತ್ತದೆ. ವರ್ಷಗಟ್ಟಲೆ ಬೇಕಾದ ಲೆಕ್ಕಕ್ಕೆ ಪ್ರತ್ಯೇಕ ಪ್ರತಿ ತೆಗೆದಿಡಬೇಕು.

ಕೋಷ್ಟಕಗಳ ವಿನ್ಯಾಸ, ಹುಡುಕಾಟ ವೇಗವಾಗಲು ಬೇಕಾದ ಇಂಡೆಕ್ಸ್, ಯಾರಿಗೆ ಅಳಿಸುವ ಅನುಮತಿ ಎಂಬ ತೀರ್ಮಾನ, ಇವೆಲ್ಲ ಬಳಸುವವರ ಹೊಣೆ. ತೀರ್ಥಹಳ್ಳಿಯಲ್ಲಿ ನೆಟ್‌ವರ್ಕ್ ಹೋದರೆ ಮುಂಬೈನ ದತ್ತಾಂಶ ಸುರಕ್ಷಿತವಾಗಿದ್ದರೂ ಇಲ್ಲಿ ತೂಕ ನಮೂದಿಸಲಾಗದು. ಆದ್ದರಿಂದ ತೂಕವನ್ನು ಸ್ಥಳೀಯ ಕಂಪ್ಯೂಟರಿನಲ್ಲಿ ಬರೆದಿಟ್ಟುಕೊಂಡು, ಸಂಪರ್ಕ ಬಂದೊಡನೆ ಕಳಿಸುವ ತಂತ್ರಾಂಶವನ್ನು ಮಂಡಿಯವರೇ ಬರೆಸಿಕೊಳ್ಳಬೇಕು.