ಸಹಿ ಬೀಳುವ ಮೊದಲೇ ಗೆದ್ದವರು

"ಟೆಂಡರ್ ಕರೆಯದೆ ಕೊಟ್ಟರಂತೆ, ಹಾಗಾದ್ರೆ ಹಗರಣಾನೇ ಅಲ್ವಾ?" ಸರ್ಕಾರಿ ಗುತ್ತಿಗೆಗಳ ಲೆಕ್ಕ ತಪಾಸಣೆ ನನ್ನ ಕೆಲಸ ಅಂತ ಗೊತ್ತಾದರೆ ಜನ ಕೇಳುವ ಮೊದಲ ಪ್ರಶ್ನೆ ಇದು. ನನ್ನ ಉತ್ತರ ಹೆಚ್ಚಿನವರಿಗೆ ಹಿಡಿಸುವುದಿಲ್ಲ. ಯಾಕೆಂದರೆ ಟೆಂಡರ್ ಇಲ್ಲದೆ ಕೆಲಸ ಕೊಡಲು ಕಾನೂನಿನಲ್ಲೇ ದಾರಿ ಇದೆ. ಕರ್ನಾಟಕದ ಸರ್ಕಾರಿ ಖರೀದಿಗಳಿಗೆ ಇರುವ ನಮ್ಮ 1999ರ ಪಾರದರ್ಶಕತೆ ಕಾಯ್ದೆಯನ್ನೇ (ಕೆಟಿಪಿಪಿ) ನೋಡಿ. ಪ್ರಕೃತಿ ವಿಕೋಪ, ಸರ್ಕಾರ ಘೋಷಿಸಿದ ತುರ್ತು ಪರಿಸ್ಥಿತಿಗೆ ಅದರ 4ಎ ಕಲಂ ಇದೆ. ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವ '4ಜಿ ವಿನಾಯಿತಿ' ಅಂತೂ ಪತ್ರಿಕೆ ಓದುವವರಿಗೆಲ್ಲ ಪರಿಚಿತ. ಅಮೆರಿಕದಲ್ಲೂ ಅಷ್ಟೆ. 1984ರ ಅವರ ಕಾಯ್ದೆ ಸ್ಪರ್ಧೆ ಇರಲೇಬೇಕು ಅನ್ನುತ್ತದೆ, ಅದರ ಜೊತೆಗೇ ಏಳು ವಿನಾಯಿತಿಗಳನ್ನೂ ಕೊಡುತ್ತದೆ. ತೀರಾ ತುರ್ತು ಅನ್ನುವುದು ಒಂದು. ಈ ಕೆಲಸ ಬಲ್ಲವರು ಒಬ್ಬರೇ ಇದ್ದಾರೆ ಅನ್ನುವುದು ಇನ್ನೊಂದು.

ಹಾಗಾಗಿ ಯುದ್ಧಕಾಲದಲ್ಲಿ ಖಾಸಗಿ ಕಂಪನಿಗಳಿಗೆ ಗುತ್ತಿಗೆ ನ್ಯಾಯವಾಗಿ ಸಿಗುತ್ತದೆಯೇ ಅಂತ ತಿಳಿಯಲು ಟೆಂಡರ್ ಫೈಲ್ ಒಂದನ್ನೇ ನೋಡಿದರೆ ಸಾಲದು. ಆ ಫೈಲ್ ಬಹುತೇಕ ಸರಿಯಾಗೇ ಇರುತ್ತದೆ. ಅದಕ್ಕಿಂತ ಹಿಂದಿನ ಒಂದು ಸಣ್ಣ ಫೈಲ್, ಆಮೇಲಿನ ಬಿಲ್ಲುಗಳ ಫೈಲ್, ಇವೆರಡನ್ನೂ ತರಿಸಿಕೊಳ್ಳಬೇಕು. ಇದಕ್ಕೆ ಇರಾಕ್ ಯುದ್ಧಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

2003ರ ಮಾರ್ಚ್ 8. ಯುದ್ಧ ಶುರುವಾಗಲು ಇನ್ನೂ ಎರಡು ವಾರ ಕೂಡ ಇರಲಿಲ್ಲ. ಅಮೆರಿಕ ಸೇನೆಯ ಇಂಜಿನಿಯರಿಂಗ್ ವಿಭಾಗ ಕೆಬಿಆರ್ ಎಂಬ ಕಂಪನಿಗೆ ಒಂದು ಗುತ್ತಿಗೆ ಕೊಟ್ಟಿತು. ಇರಾಕ್‌ನ ತೈಲ ಬಾವಿಗಳಿಗೆ ಬೆಂಕಿ ಬಿದ್ದರೆ ಆರಿಸಬೇಕು, ಪೈಪ್‌ಲೈನ್ ರಿಪೇರಿ ಮಾಡಬೇಕು. 1991ರಲ್ಲಿ ಕುವೈತ್‌ನ 600ಕ್ಕೂ ಹೆಚ್ಚು ಬಾವಿಗಳು ಹೊತ್ತಿ ಉರಿದಿದ್ದವು, ಹಾಗಾಗಿ ಆ ಭಯಕ್ಕೆ ಕಾರಣ ಇತ್ತು. ಗುತ್ತಿಗೆಯ ಗರಿಷ್ಠ ಮಿತಿ 700 ಕೋಟಿ ಡಾಲರ್. ಬೇರೆ ಯಾರನ್ನೂ ಕೇಳಲಿಲ್ಲ. ಕೆಬಿಆರ್‌ನ ಆಗಿನ ಮಾತೃಸಂಸ್ಥೆ ಹ್ಯಾಲಿಬರ್ಟನ್. ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ 1995ರಿಂದ 2000ದವರೆಗೆ ಅದೇ ಹ್ಯಾಲಿಬರ್ಟನ್‌ನ ಮುಖ್ಯಸ್ಥರಾಗಿದ್ದವರು.

ಇಷ್ಟು ಸಾಕಲ್ಲ! ಇಡೀ ಜಗತ್ತಿನ ಪತ್ರಿಕೆಗಳು ಚೆನಿ ಹೆಸರು ಹಿಡಿದುಕೊಂಡವು. ಆದರೆ ನಮ್ಮ ಸಿಎಜಿಯಂತೆ ಅಲ್ಲಿ ಲೆಕ್ಕ ನೋಡುವ ಜಿಎಒ 2004ರಲ್ಲಿ ವರದಿ ಕೊಟ್ಟಾಗ ಹೇಳಿದ್ದೇ ಬೇರೆ. ಹೊಸ ಗುತ್ತಿಗೆಗಳನ್ನು ಕೊಡುವಾಗ ಸ್ಪರ್ಧೆಯ ನಿಯಮಗಳನ್ನು ಒಟ್ಟಾರೆ ಪಾಲಿಸಿದ್ದಾರೆ ಅಂತ ಅದು ಹೇಳಿತು. ತೈಲದ ಗುತ್ತಿಗೆಯೂ ಅದರಲ್ಲಿ ಸೇರಿತ್ತು. ಒಬ್ಬರಿಗೇ ಕೊಡಲು ಬರೆದ ಸಮರ್ಥನೆ ಇಷ್ಟು: ತುರ್ತು ಯೋಜನೆಯ ಒಳಹೊರಗು ತಿಳಿದ, ತಕ್ಷಣ ಹೊರಡಲು ತಯಾರಿರುವ ಕಂಪನಿ ಇದೊಂದೇ. ಅದು ನಿಜವೂ ಹೌದು. ಯಾಕೆ ನಿಜ ಅಂದರೆ, ಆ ಯೋಜನೆ ಬರೆದವರೇ ಕೆಬಿಆರ್‌ನವರು.

ಸಣ್ಣ ಫೈಲ್ ಅಂದೆನಲ್ಲ, ಅದು ಇಲ್ಲಿದೆ. 2002ರ ನವೆಂಬರ್‌ನಲ್ಲಿ, ಸುಮಾರು 19 ಲಕ್ಷ ಡಾಲರಿಗೆ, ಇರಾಕ್‌ನ ತೈಲ ವ್ಯವಸ್ಥೆ ಸರಿಪಡಿಸುವ ಯೋಜನೆ ತಯಾರಿಸಲು ಕೆಬಿಆರ್‌ಗೆ ವರ್ಕ್ ಆರ್ಡರ್ ಕೊಟ್ಟರು. ಹೊಸ ಗುತ್ತಿಗೆ ಅಲ್ಲ. ಸೈನಿಕರ ಊಟ, ವಸತಿ, ಸಾಗಣೆ ನೋಡಿಕೊಳ್ಳಲು 2001ರಲ್ಲಿ ಟೆಂಡರ್ ಕರೆದೇ ಕೊಟ್ಟಿದ್ದ 'ಲಾಗ್‌ಕ್ಯಾಪ್' ಎಂಬ ದೊಡ್ಡ ಗುತ್ತಿಗೆಯೊಳಗೆ ಇದನ್ನೂ ತುರುಕಿದರು. ಅಡುಗೆ ಕಾಂಟ್ರಾಕ್ಟರಿಗೆ ತೈಲ ಬಾವಿಯ ಯೋಜನೆ! ಇದು ಮೂಲ ಗುತ್ತಿಗೆಯ ವ್ಯಾಪ್ತಿಯಲ್ಲಿಲ್ಲ ಅಂತ ಜಿಎಒ ಸ್ಪಷ್ಟವಾಗಿ ಬರೆಯಿತು. ಆಗಲೇ ಸ್ಪರ್ಧೆ ಕರೆಯಬೇಕಿತ್ತು ಅನ್ನುವುದು ಅದರ ಅರ್ಥ. 19 ಲಕ್ಷದ ಕಾಗದ 700 ಕೋಟಿಯ ಗುತ್ತಿಗೆಯನ್ನು ನಿರ್ಧರಿಸಿಬಿಟ್ಟಿತ್ತು. ಮಾರ್ಚ್‌ನಲ್ಲಿ ಸಹಿ ಹಾಕಿದ ಅಧಿಕಾರಿಯ ಮುಂದೆ ನಿಜಕ್ಕೂ ಬೇರೆ ಹೆಸರು ಇರಲಿಲ್ಲ.

ಕಾಮಗಾರಿಯ ವಿವರವಾದ ಯೋಜನಾ ವರದಿ (ಡಿಪಿಆರ್) ಮಾಡಿದ ಸಂಸ್ಥೆ ಅದೇ ಕಾಮಗಾರಿಗೆ ಬಿಡ್ ಹಾಕುವಂತಿಲ್ಲ ಅನ್ನುವುದು ನಮ್ಮಲ್ಲಿ ಜೂನಿಯರ್ ಇಂಜಿನಿಯರಿಗೂ ಗೊತ್ತು. ಅಮೆರಿಕದ ನಿಯಮಗಳಲ್ಲೂ ಇದು ಇದೆ. ಆದರೂ ಅಲ್ಲಿ ಈ ಕಥೆಗೆ ಹಳೆಯ ಅಧ್ಯಾಯ ಉಂಟು. ಸೇನೆಯ ಕೆಲಸಗಳನ್ನು ಖಾಸಗಿಯವರಿಗೆ ಹೇಗೆ ವಹಿಸಬಹುದು ಅಂತ ಅಧ್ಯಯನ ಮಾಡಲು 1992ರಲ್ಲಿ ಇದೇ ಕಂಪನಿಗೆ 39 ಲಕ್ಷ ಡಾಲರ್ ಕೊಟ್ಟಿದ್ದರು. ಅದೇ ವರ್ಷ ಮೊದಲ ಲಾಗ್‌ಕ್ಯಾಪ್ ಗುತ್ತಿಗೆಯೂ ಅವರಿಗೇ ಸಿಕ್ಕಿತು. 1997ರಲ್ಲಿ ಸ್ಪರ್ಧೆಯಲ್ಲಿ ಡೈನ್‌ಕಾರ್ಪ್ ಎಂಬ ಕಂಪನಿ ಅವರನ್ನು ಸೋಲಿಸಿತು. ಸೋತರೂ ಬಾಲ್ಕನ್ ಪ್ರದೇಶದ ಕೆಲಸ ಅವರ ಕೈಯಲ್ಲೇ ಉಳಿಯಿತು. ಅದಕ್ಕೆ ಪ್ರತ್ಯೇಕ ಗುತ್ತಿಗೆ, ಟೆಂಡರ್ ಇಲ್ಲದೆ. ಈಗಾಗಲೇ ಅಲ್ಲಿ ಇರುವವರನ್ನು ಎಬ್ಬಿಸುವುದು ಕಷ್ಟ ಅನ್ನುವ ಮಾತು ಕಡತಗಳಲ್ಲಿ ಬಹಳ ಬಲವಾದ ಮಾತು.

ಒಬ್ಬರು ಮಾತ್ರ ಸುಮ್ಮನಿರಲಿಲ್ಲ. ಸೇನೆಯ ಇಂಜಿನಿಯರಿಂಗ್ ವಿಭಾಗದ ಖರೀದಿ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದ ಬನಟೀನ್ ಗ್ರೀನ್‌ಹೌಸ್. ಯುದ್ಧ ಹೊಸ್ತಿಲಲ್ಲಿದ್ದ ಕಾರಣ ಅವರು ಸಹಿ ಹಾಕಿದರು. ಆದರೆ ಸಹಿಯ ಪಕ್ಕದಲ್ಲೇ ಕೈಬರಹದಲ್ಲಿ ಟಿಪ್ಪಣಿ ಬರೆದರು: ಇದನ್ನು ಒಂದು ವರ್ಷಕ್ಕಿಂತ ಮುಂದೆ ಎಳೆದರೆ ಸ್ಪರ್ಧೆ ತರುವ ಮನಸ್ಸೇ ಇಲ್ಲ ಅನ್ನುವ ಅಭಿಪ್ರಾಯ ಬರಬಹುದು. ಕಾಗದದ ಪ್ರಕಾರ ಗುತ್ತಿಗೆ ಐದು ವರ್ಷದವರೆಗೂ ನಡೆಯಬಹುದಿತ್ತು. ನನ್ನ ಪ್ರಕಾರ ಇದಕ್ಕಿಂತ ಅಚ್ಚುಕಟ್ಟಾದ ಆಕ್ಷೇಪಣೆ ಇಲ್ಲ. ತುರ್ತನ್ನು ಅವರು ಒಪ್ಪಿಕೊಂಡರು, ಅದಕ್ಕೆ ಗಡುವು ಕೇಳಿದರು. 2005ರಲ್ಲಿ ಅವರಿಗೆ ಹಿಂಬಡ್ತಿ ಆಯಿತು. 2011ರಲ್ಲಿ ಸರ್ಕಾರ 9.7 ಲಕ್ಷ ಡಾಲರ್ ಕೊಟ್ಟು ಅವರ ಮೊಕದ್ದಮೆಯನ್ನು ರಾಜಿ ಮಾಡಿಕೊಂಡಿತು.

ಇನ್ನು ಬಿಲ್ಲುಗಳ ಫೈಲ್.

ಯುದ್ಧದಲ್ಲಿ ಎಷ್ಟು ಕೆಲಸ ಬೀಳುತ್ತದೆ ಅಂತ ಮೊದಲೇ ಅಂದಾಜು ಪಟ್ಟಿ ಮಾಡಲು ಆಗುವುದಿಲ್ಲ. ಅದಕ್ಕೇ 'ಖರ್ಚು ಪ್ಲಸ್ ಶುಲ್ಕ' ಅನ್ನುವ ಪದ್ಧತಿ. ಕಂಪನಿಯ ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ, ಮೇಲೆ ಒಂದಿಷ್ಟು ಶುಲ್ಕ. ಮೊದಲ ಮಹಾಯುದ್ಧದಲ್ಲಿ ಇದರ ದುರುಪಯೋಗ ನೋಡಿದ ಮೇಲೆ, ನಿಜವಾಗಿ ಆದ ಖರ್ಚಿನ ಮೇಲೆ ಶೇಕಡಾವಾರು ಲಾಭ ಕೊಡುವುದನ್ನು ಅಮೆರಿಕ ನಿಷೇಧಿಸಿದೆ. ಶುಲ್ಕವನ್ನು ಲೆಕ್ಕ ಹಾಕಬೇಕಾದ್ದು ಕೆಲಸಕ್ಕೆ ಮೊದಲು ಒಪ್ಪಿದ ಅಂದಾಜಿನ ಮೇಲೆ. ಕೇಳಲು ಚೆನ್ನಾಗಿದೆ. ಆದರೆ ಇರಾಕ್‌ನಲ್ಲಿ ಕೆಲಸ ಮೊದಲು ಶುರುವಾಗುತ್ತಿತ್ತು, ದರ ಆಮೇಲೆ ಮಾತಾಡುತ್ತಿದ್ದರು. 180 ದಿನಗಳಲ್ಲಿ ದರ ಅಂತಿಮವಾಗಬೇಕು ಅಂತ ನಿಯಮ ಇದ್ದರೂ ಎಷ್ಟೋ ಕಡೆ ಆಗಲಿಲ್ಲ. ಬಹುಪಾಲು ಖರ್ಚು ಮುಗಿದ ಮೇಲೆ ಮಾಡಿದ ಅಂದಾಜು ಅಂದರೆ ಏನು? ಆದ ಖರ್ಚೇ ಅಂದಾಜು. ನಿಷೇಧಿಸಿದ ಪದ್ಧತಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು.

ಬಾವಿಗಳಿಗೆ ಅಂದುಕೊಂಡಷ್ಟು ಬೆಂಕಿ ಬೀಳಲಿಲ್ಲ. ಆದರೆ ಇರಾಕ್‌ನಲ್ಲಿ ಪೆಟ್ರೋಲಿಗೆ ಅಭಾವ ಬಂತು. ಬೆಂಕಿ ಆರಿಸುವ ಗುತ್ತಿಗೆ ಕುವೈತ್, ಟರ್ಕಿಗಳಿಂದ ಇಂಧನ ತರುವ ಗುತ್ತಿಗೆಯಾಗಿ ಬದಲಾಯಿತು, ಹಣದ ದೊಡ್ಡ ಪಾಲು ಅದಕ್ಕೇ ಹೋಯಿತು. ಕುವೈತ್‌ನಿಂದ ತಂದ ಪೆಟ್ರೋಲಿಗೆ ಗ್ಯಾಲನ್‌ಗೆ 2.64 ಡಾಲರ್ ಬಿಲ್ ಹಾಕಿದರು. 6.1 ಕೋಟಿ ಡಾಲರಿನಷ್ಟು ಹೆಚ್ಚಿಗೆ ಹಾಕಿರಬಹುದು ಅಂತ 2003ರ ಡಿಸೆಂಬರ್‌ನಲ್ಲಿ ರಕ್ಷಣಾ ಇಲಾಖೆಯ ಲೆಕ್ಕ ತಪಾಸಕರೇ ಹೇಳಿದರು. ಕೆಲವೇ ದಿನಗಳಲ್ಲಿ ಸೇನೆಯ ಇಂಜಿನಿಯರಿಂಗ್ ವಿಭಾಗ ಈ ಇಂಧನದ ದರಕ್ಕೆ ಆಧಾರ ದಾಖಲೆ ಕೊಡಬೇಕಿಲ್ಲ ಅಂತ ವಿನಾಯಿತಿ ಕೊಟ್ಟಿತು. ಇಡೀ ತೈಲ ಗುತ್ತಿಗೆಯಲ್ಲಿ ತಪಾಸಕರು ಪ್ರಶ್ನಿಸಿದ ಮೊತ್ತ ಸುಮಾರು 26.3 ಕೋಟಿ ಡಾಲರ್. ಕೊನೆಗೆ ಸೇನೆ ಕಡಿತ ಮಾಡಿದ್ದು ಒಂದು ಕೋಟಿಯ ಆಸುಪಾಸು. ಮಿಕ್ಕಿದ್ದೆಲ್ಲ ಪಾಸ್.

ಹಾಗಂತ ಸ್ಪರ್ಧೆ ಇದ್ದುಬಿಟ್ಟರೆ ಎಲ್ಲ ಸರಿಹೋಗುತ್ತೆ ಅನ್ನುವ ನಂಬಿಕೆಯೂ ನನಗಿಲ್ಲ. ಇರಾಕ್‌ನಲ್ಲಿ 150 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕಟ್ಟುವ ಕೆಲಸ ಪಾರ್ಸನ್ಸ್ ಎಂಬ ಕಂಪನಿಗೆ ಹೋಗಿದ್ದು 2004ರಲ್ಲಿ, ಸ್ಪರ್ಧೆ ನಡೆಸಿದ ಮೇಲೆಯೇ. ಎರಡು ವರ್ಷದಲ್ಲಿ 18.6 ಕೋಟಿ ಡಾಲರ್ ಖರ್ಚಾಗಿ ಪೂರ್ತಿಯಾದದ್ದು ಆರೇ ಆರು ಅಂತ ಇರಾಕ್ ಪುನರ್ನಿರ್ಮಾಣದ ವಿಶೇಷ ತಪಾಸಕರು 2006ರಲ್ಲಿ ವರದಿ ಕೊಟ್ಟರು. ಗುತ್ತಿಗೆ ನ್ಯಾಯವಾಗೇ ಸಿಕ್ಕಿತು. ಸ್ಥಳಕ್ಕೆ ಹೋಗಿ ಕೆಲಸ ಅಳೆದು ನೋಡುವವರು ಸಾಕಷ್ಟು ಇರಲಿಲ್ಲ.

ಈ ವಿಷಯ ಪತ್ರಿಕೆಗಳಿಗೆ ರುಚಿಸುವುದಿಲ್ಲ, ಆದರೆ ನನ್ನಂಥವರಿಗೆ ಇದೇ ಮುಖ್ಯ. ಸೇನೆಯ ಖರೀದಿ ವ್ಯವಸ್ಥೆ ನೋಡಲು ನೇಮಿಸಿದ್ದ ಗ್ಯಾನ್ಸ್‌ಲರ್ ಆಯೋಗ 2007ರಲ್ಲಿ ಹೇಳಿದ ಪ್ರಕಾರ, ಸೇನೆಯ ಖರೀದಿ ಸಿಬ್ಬಂದಿಯಲ್ಲಿ ಸಮವಸ್ತ್ರದವರು ಶೇ 3ರಷ್ಟು ಮಾತ್ರ. ಆ ವೃತ್ತಿಯಿಂದ ಬಂದವರಿಗೆ ಜನರಲ್ ದರ್ಜೆಯ ಒಂದು ಹುದ್ದೆಯೂ ಉಳಿದಿರಲಿಲ್ಲ. ಜನ ಕಡಿಮೆ, ಹಣ ಜಾಸ್ತಿ. ಕುವೈತ್‌ನಲ್ಲಿ ಬಾಟಲಿ ನೀರು ಮುಂತಾದವಕ್ಕೆ ಗುತ್ತಿಗೆ ಕೊಡುತ್ತಿದ್ದ ಒಬ್ಬ ಮೇಜರ್ 96 ಲಕ್ಷ ಡಾಲರ್ ಲಂಚ ಪಡೆದು ಹದಿನೇಳೂವರೆ ವರ್ಷ ಜೈಲಿಗೆ ಹೋದರು. ಇರಾಕ್‌ನ ಹಿಲ್ಲಾ ನಗರದಲ್ಲಿ 8.2 ಕೋಟಿ ಡಾಲರಿನ ಉಸ್ತುವಾರಿಯನ್ನು ಕೊಟ್ಟದ್ದು ಹಿಂದೆ ವಂಚನೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ವ್ಯಕ್ತಿಗೆ. ಅವರೂ ಜೈಲು ಸೇರಿದರು. ಇಂಥ ನೇರ ಕಳ್ಳತನ ಹಿಡಿಯುವುದು ನಿಜವಾಗಿ ಸುಲಭ. ಕಾನೂನುಬದ್ಧವಾಗಿ ಆದ ಪಕ್ಷಪಾತ ಯಾವ ಕೋರ್ಟಿಗೂ ಹೋಗುವುದಿಲ್ಲ.

ನಮ್ಮಲ್ಲೂ ಗದ್ದಲ ತಪ್ಪು ಜಾಗದಲ್ಲಿ ಆದದ್ದುಂಟು. ಕಾರ್ಗಿಲ್ ಅಂದರೆ 'ಶವಪೆಟ್ಟಿಗೆ ಹಗರಣ' ಎಲ್ಲರಿಗೂ ನೆನಪಿದೆ. ಸೈನಿಕರ ಶವಪೆಟ್ಟಿಗೆಗಳನ್ನು ದುಬಾರಿ ಬೆಲೆಗೆ ಕೊಂಡರು ಅಂತ 2001ರಲ್ಲಿ ಸಿಎಜಿ ವರದಿ ಬಂದಾಗ, ಆಗ ರಕ್ಷಣಾ ಸಚಿವರಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮೇಲೆ ವಿರೋಧ ಪಕ್ಷಗಳು ಮುಗಿಬಿದ್ದವು. ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆರೋಪ ಹೊತ್ತಿದ್ದ ಸೇನಾಧಿಕಾರಿಗಳನ್ನೂ 2013ರಲ್ಲಿ ವಿಶೇಷ ನ್ಯಾಯಾಲಯ ಕೈಬಿಟ್ಟಿತು. ಅದೇ ಸಿಎಜಿ ವರದಿಯಲ್ಲಿ ಇದಕ್ಕಿಂತ ಭಾರವಾದ ಮಾತೊಂದಿತ್ತು: ಯುದ್ಧ ಅಂತ ನಿಯಮ ಸಡಿಲಿಸಿ ಕೊಂಡ ಸಾಮಗ್ರಿಯಲ್ಲಿ ಬಹಳಷ್ಟು ಬಂದದ್ದು 1999ರ ಜುಲೈನಲ್ಲಿ ಯುದ್ಧ ಮುಗಿದ ಮೇಲೆ. ತುರ್ತು ನಿಜಕ್ಕೂ ಎಷ್ಟಿತ್ತು ಅಂತ ಹೇಳುವುದು ಸಾಮಗ್ರಿ ತಲುಪಿದ ತಾರೀಖು.

ಅಮೆರಿಕಕ್ಕೆ ಇದಕ್ಕೆ ಪರಿಹಾರ ಗೊತ್ತಿರಲಿಲ್ಲ ಅಂತಲ್ಲ. ಎರಡನೇ ಮಹಾಯುದ್ಧದಲ್ಲಿ, 1941ರಿಂದಲೇ, ಸೆನೆಟರ್ ಹ್ಯಾರಿ ಟ್ರೂಮನ್ ಅವರ ಸಮಿತಿ ಯುದ್ಧ ನಡೆಯುತ್ತಿರುವಾಗಲೇ ಕಾರ್ಖಾನೆ, ಶಿಬಿರಗಳಿಗೆ ಹೋಗಿ ತಪಾಸಣೆ ಮಾಡಿತು. 1942ರಲ್ಲಿ ಒಂದು ಮರು ಮಾತುಕತೆ ಕಾಯ್ದೆ ಬಂತು. ಆತುರದಲ್ಲಿ ಕೊಟ್ಟ ಗುತ್ತಿಗೆಯಾದರೂ ಪರವಾಗಿಲ್ಲ, ಕೆಲಸ ಮುಗಿದ ಮೇಲೆ ಲೆಕ್ಕ ತೆಗೆದು, ಅತಿಯಾದ ಲಾಭವನ್ನು ಸರ್ಕಾರ ವಾಪಸ್ ಪಡೆಯಬಹುದು. ಯುದ್ಧಕಾಲಕ್ಕೆ ನನಗೆ ಅತ್ಯಂತ ಇಷ್ಟವಾದ ಕಾನೂನು ಇದು. ಸೈನಿಕನಿಗೆ ಊಟ ತಡವಾಗುವುದಿಲ್ಲ, ಖಜಾನೆಗೂ ನಾಮ ಬೀಳುವುದಿಲ್ಲ. ಆ ಕೆಲಸ ನೋಡುತ್ತಿದ್ದ ಮಂಡಳಿಯನ್ನು 1979ರಲ್ಲಿ ಮುಚ್ಚಿದರು. ಇರಾಕ್ ಹೊತ್ತಿಗೆ ಅಂಥದ್ದೇನೂ ಕೈಯಲ್ಲಿರಲಿಲ್ಲ.

ಟ್ರೂಮನ್ ಸಮಿತಿಯ ಮಾದರಿಯಲ್ಲೇ 2008ರಲ್ಲಿ ಯುದ್ಧಕಾಲದ ಗುತ್ತಿಗೆಗಳ ಆಯೋಗ ರಚನೆಯಾಯಿತು. ಯುದ್ಧ ಶುರುವಾಗಿ ಐದು ವರ್ಷದ ಮೇಲೆ! 2011ರ ಅಂತಿಮ ವರದಿಯಲ್ಲಿ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಪೋಲಾದ, ವಂಚನೆಗೆ ಹೋದ ಹಣ 3,100 ಕೋಟಿಯಿಂದ 6,000 ಕೋಟಿ ಡಾಲರ್ ಅಂತ ಅಂದಾಜು ಮಾಡಿತು. ಅಂದಾಜಿನ ಎರಡು ತುದಿಗಳ ನಡುವೆಯೇ 2,900 ಕೋಟಿ ಡಾಲರ್ ಅಂತರ. ಲೆಕ್ಕದ ಪುಸ್ತಕ ಯಾವ ಸ್ಥಿತಿಯಲ್ಲಿತ್ತು ಅನ್ನುವುದಕ್ಕೆ ಇದೊಂದೇ ಸಾಕು. ಇಂಥ ಸಂದರ್ಭಗಳಿಗೆಂದೇ ಒಬ್ಬ ಕಾಯಂ ತಪಾಸಕರನ್ನು ನೇಮಿಸಿ ಅಂತಲೂ ಆಯೋಗ ಕೇಳಿತ್ತು. ಅದು ಆಗಲಿಲ್ಲ. ಆಯೋಗ ಕಲೆಹಾಕಿದ ಒಳ ಕಡತಗಳನ್ನು 20 ವರ್ಷ ತೆರೆಯದಂತೆ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿದರು. ನಾನು ನೋಡಬೇಕು ಅಂದುಕೊಂಡಿರುವ ಎಷ್ಟೋ ಸಣ್ಣ ಫೈಲ್‌ಗಳು ಅದರಲ್ಲಿವೆ ಅನ್ನುವುದು ನನ್ನ ಗುಮಾನಿ. 2031ರವರೆಗೆ ಕಾಯಬೇಕು.