ಅಜ್ಜಿ ಅತ್ತಿದ್ದು ಯಾವಾಗ?

ಕಳೆದ ಜುಲೈ ತಿಂಗಳ ಒಂದು ಸಂಜೆ. ಸೋಮವಾರಪೇಟೆ ಕಡೆಯ ನಮ್ಮ ಮನೆಯ ಹಂಚಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಅಪರೂಪಕ್ಕೆ ಕರೆಂಟು ಇತ್ತು. ಅಜ್ಜಿ ಕಂಬಳಿ ಹೊದ್ದು ಟೀವಿ ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪಕ್ಕದ ಕಾಫಿ ತೋಟದ ಕೆಲಸಗಾರರ ಲೈನ್ ಮನೆಯಿಂದ ದಿನಾ ಬರುವ ಅಕ್ಕ ಬಾಗಿಲ ಹತ್ತಿರ ಕೊಡೆ ಇಟ್ಟು ಬಂದು ಅವರ ಪಕ್ಕ ಕೂತಿದ್ದರು. ಧಾರಾವಾಹಿಯಲ್ಲಿ ಚಿಕ್ಕಂದಿನಲ್ಲೇ ಕಳೆದುಹೋಗಿದ್ದ ಮಗಳು ಬಸ್ ಸ್ಟ್ಯಾಂಡಿನಲ್ಲಿ ಅಮ್ಮನಿಂದ ನಾಲ್ಕೇ ಹೆಜ್ಜೆ ಹಿಂದೆ ನಿಂತಿದ್ದಳು. ಅಮ್ಮ ತಿರುಗಿ ನೋಡಬೇಕು, ಅಷ್ಟೇ. ಅಷ್ಟರಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಯಿತು. ಸಿಗ್ನಲ್ ಇಲ್ಲ.

"ಅಯ್ಯೋ, ಸಿಕ್ಕಿದ್ಲಾ ಇಲ್ವಾ?" ಅಂದರು ಅಜ್ಜಿ.

ಮಳೆಗಾಲದಲ್ಲಿ ಕೊಡಗಿನ ಮನೆಗಳಿಗೆ ಇದು ಹೊಸದಲ್ಲ. ಉಪಗ್ರಹದಿಂದ ನಮ್ಮ ಡಿಶ್‌ಗೆ ಬರುವ ಅಲೆಗಳ ಉದ್ದ ಸುಮಾರು 2.5 ಸೆಂಟಿಮೀಟರ್. ದಪ್ಪ ಹನಿಯ ಮಳೆ ಈ ಅಲೆಗಳನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಸ್ವಲ್ಪ ಚದುರಿಸುತ್ತದೆ. ಉಳಿದಿದ್ದು ಸಾಲದೇ ಹೋದಾಗ ಚಿತ್ರ, ಮಾತು ಎರಡೂ ಒಟ್ಟಿಗೇ ಹೋಗುತ್ತವೆ.

ಖಾಲಿ ಪರದೆಯ ಮುಂದೆ ಕೂತು ನಾನು ಯೋಚಿಸಿದ್ದು ಬೇರೆ. ಅದೇ ಧಾರಾವಾಹಿಯಲ್ಲಿ ಹಿಂದಿನ ವಾರ ಒಂದು ಸಾವು ಆಗಿತ್ತು. ಮೂರು ದಿನ ಅಳು, ಎದೆ ಬಡಿತ, ಜೋರು ಸಂಗೀತ. ಅಜ್ಜಿ ಅಳಲಿಲ್ಲ. ಆಮೇಲೊಂದು ದಿನ, ಸೊಸೆಯ ಜೊತೆ ವರ್ಷದಿಂದ ಮಾತು ಬಿಟ್ಟಿದ್ದ ಮಾವ, ಅವಳು ಮಳೆಯಲ್ಲಿ ನೆನೆದು ಒಳಗೆ ಬಂದಾಗ ಏನೂ ಹೇಳದೆ ಒಂದು ಟವೆಲ್ ಚಾಚಿದ. ಅಜ್ಜಿಯ ಕಣ್ಣಿಂದ ನೀರು ಇಳಿಯಿತು. ಸಾವಿಗೆ ಅಳದವರು ಟವೆಲ್‌ಗೆ ಯಾಕೆ ಅತ್ತರು?

ಇದಕ್ಕೆ ಒಳ್ಳೆಯ ಉತ್ತರವೊಂದು 1979ರಲ್ಲೇ ಬಂದಿದೆ. ಅಮೆರಿಕದ ಮನೋವಿಜ್ಞಾನಿ ಜೇ ಎಫ್ರಾನ್ ಮತ್ತು ಅವರ ಜೊತೆಗಾರರು ಕಣ್ಣು ಕಾಣದ, ಕಿವಿ ಕೇಳದ ಹೆಲನ್ ಕೆಲರ್ ಬಾಲ್ಯದ ಕಥೆಯ ಸಿನಿಮಾವನ್ನು ಆಧಾರವಾಗಿ ಇಟ್ಟುಕೊಂಡು, ದೊಡ್ಡವರು ಯಾವಾಗ ಅಳುತ್ತಾರೆ ಅಂತ ನೋಡಿದರು. ಅವರ ಪ್ರಕಾರ ಅಳುವಿಗೆ ಎರಡು ಹಂತ ಇದೆ. ಮೊದಲು ಮೈಮನಸ್ಸು ಬಿಗಿಯಾಗಬೇಕು. ಆಮೇಲೆ ಆ ಬಿಗಿ ಸಡಿಲಬೇಕು. ಕಣ್ಣೀರು ಬರುವುದು ಸಡಿಲುವ ಗಳಿಗೆಯಲ್ಲಿ. ಕಾಡಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕುವಾಗ ತಾಯಿಯ ಕಣ್ಣು ಒಣಗಿರುತ್ತದೆ. ಮಗು ಸಿಕ್ಕಿದ ಕೂಡಲೇ ಅವಳು ಕುಸಿದು ಕೂತು ಅಳುತ್ತಾಳೆ. ನಾವೆಲ್ಲ ಇದನ್ನು ನೋಡಿದ್ದೇವೆ, ಅಲ್ವಾ?

ದೇಹದ ರಚನೆಯೂ ಇದಕ್ಕೆ ಹೊಂದಿಕೊಳ್ಳುತ್ತದೆ. ಕಣ್ಣೀರಿನ ಗ್ರಂಥಿ ಇರುವುದು ಕಣ್ಣಿನ ಮೇಲೆ, ಹೊರ ಅಂಚಿನ ಕಡೆ. ನೀರು ಬಿಡು ಅಂತ ಅದಕ್ಕೆ ಅಪ್ಪಣೆ ತರುವುದು ಮುಖ್ಯವಾಗಿ ಮುಖದ ನರದ ಜೊತೆ ಬರುವ ಎಳೆಗಳು. ಈ ಎಳೆಗಳು ಸೇರಿರುವುದು ಮೈಯನ್ನು ಶಾಂತ ಮಾಡುವ ನರಮಂಡಲಕ್ಕೆ. ಓಡು, ಹೋರಾಡು ಅನ್ನುವ ನರಮಂಡಲ ಬೇರೆ. ಅಪಾಯದ ಹೊತ್ತಿನಲ್ಲಿ ಎದೆ ಬಡಿತ ಏರಿಸುವುದು ಅದು. ಅದರ ಹಿಡಿತ ಬಿಟ್ಟು ಇದರ ಕೈ ಮೇಲಾಗುವಾಗ ಕಣ್ಣು ತುಂಬುತ್ತದೆ. ಹೆಚ್ಚಾದ ನೀರು ಕಣ್ಣಿನ ಒಳಮೂಲೆಯ ಸಣ್ಣ ನಾಳದಿಂದ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ.

ನಮ್ಮ ಹಿರಿಯರು ಈ ಮೈಯ ಮಾತನ್ನು ಚೆನ್ನಾಗಿ ಬಲ್ಲವರು. ಗಂಟಲು ಉಬ್ಬಿ ಬಂತು, ಕರುಳು ಚುರುಕ್ ಅಂತು, ಹೊಟ್ಟೆ ಹಿಂಡಿದ ಹಾಗಾಯಿತು, ಮನಸ್ಸು ಕರಗಿತು ಅನ್ನುತ್ತೇವೆ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು, ಅಂದರೆ ಮನಸ್ಸಿನ ಭಾವ ಮೈಯಲ್ಲಿ ತಾನಾಗಿ ಮೂಡುವ ಗುರುತುಗಳನ್ನು, ಹೇಳುತ್ತದೆ. ಅವುಗಳಲ್ಲಿ ಕಣ್ಣೀರು ಇದೆ, ಮೈ ಜುಮ್ಮೆನ್ನುವುದಿದೆ, ದನಿ ಒಡೆಯುವುದಿದೆ. ಇವತ್ತಿನ ಪ್ರಯೋಗಾಲಯಗಳಲ್ಲಿ ಸೆನ್ಸರ್ ಅಂಟಿಸಿ ಅಳೆಯುವುದೂ ಇಂಥವನ್ನೇ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಮನಸ್ಸು ಕರಗುವ ಈ ಭಾವಕ್ಕೆ ಮಾನವಶಾಸ್ತ್ರಜ್ಞ ಅಲನ್ ಫಿಸ್ಕ್ ಮತ್ತು ಅವರ ಜೊತೆಯವರು ಇಂಗ್ಲಿಷಿನಲ್ಲಿ ಸರಿಯಾದ ಪದ ಸಿಗದೆ ಸಂಸ್ಕೃತದಿಂದ ಹೆಸರು ತಗೊಂಡಿದ್ದಾರೆ: 'ಕಾಮ ಮೂತ'. ಪ್ರೀತಿಯಿಂದ ಅಲುಗಿದ್ದು ಅನ್ನುವ ಅರ್ಥದಲ್ಲಿ. ಇಬ್ಬರ ನಡುವಿನ ನಂಟು ಇದ್ದಕ್ಕಿದ್ದ ಹಾಗೆ ಗಟ್ಟಿಯಾಗುವುದನ್ನು ಕಂಡಾಗ ಇದು ಹುಟ್ಟುತ್ತದೆ ಅನ್ನುತ್ತಾರೆ ಅವರು. ಮಾವ ಚಾಚಿದ ಟವೆಲ್ ಮಾಡಿದ್ದು ಅದನ್ನೇ.

ಟೀವಿಯ ಇತಿಹಾಸದಲ್ಲಿ ಜನ ಮರೆಯದ ದೃಶ್ಯಗಳನ್ನು ನೋಡಿದರೆ ಈ ಎಳೆ ಮತ್ತೆ ಮತ್ತೆ ಕಾಣುತ್ತದೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 1983–84ರಲ್ಲಿ ಪ್ರಸಾರ ಮಾಡಿದ 'ಒಶಿನ್' ಧಾರಾವಾಹಿ ಇದೆ. ಹದಿನೈದು ನಿಮಿಷದ 297 ಕಂತು. ಜಪಾನಿನಲ್ಲಿ ಅದನ್ನು ನೋಡಿದವರ ಸರಾಸರಿ ಶೇಕಡಾ 52.6. ಬಡ ರೈತನ ಏಳು ವರ್ಷದ ಮಗಳನ್ನು ಒಂದು ಮೂಟೆ ಅಕ್ಕಿಗಾಗಿ ಒಂದು ವರ್ಷದ ಮನೆಗೆಲಸಕ್ಕೆ ಕಳಿಸುತ್ತಾರೆ. ಹಿಮ ಬೀಳುವ ಮೊಗಾಮಿ ನದಿಯಲ್ಲಿ ತೆಪ್ಪ ಹೊರಡುತ್ತದೆ. ಹುಡುಗಿ ಅಮ್ಮನನ್ನು ಕೂಗುತ್ತಾಳೆ. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ಅಪ್ಪನ ಕಣ್ಣಲ್ಲೂ ನೀರು. ಜಪಾನಿನವರು ಇವತ್ತಿಗೂ ನೆನಪಿಸಿಕೊಳ್ಳುವ ದೃಶ್ಯ ಇದು. ಅಮ್ಮ ಅಳುತ್ತಾಳೆ ಅಂತ ನಮಗೆ ಮೊದಲೇ ಗೊತ್ತು. ಅಪ್ಪ ಒಡೆಯುವುದು ಗೊತ್ತಿರಲಿಲ್ಲ.

ನನಗೆ ಆ ದೃಶ್ಯ ಬೇರೆ ರೀತಿಯಲ್ಲೂ ತಾಕುತ್ತದೆ. ಹತ್ತನೇ ವಯಸ್ಸಿಗೆ ನನ್ನನ್ನು ಮಡಿಕೇರಿಯ ಹಾಸ್ಟೆಲಿಗೆ ಕಳಿಸಿದರು. ಜೂನ್ ತಿಂಗಳು, ಹೀಗೇ ಮಳೆ. ಮಾತು ಕಡಿಮೆಯ ನನ್ನ ಅಪ್ಪ ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕವೇ ಸ್ವಲ್ಪ ದೂರ ನಡೆದು ಬಂದರು. ಒಂದು ಪೊಟ್ಟಣ ಕಿತ್ತಳೆ ಒಳಗೆ ತುರುಕಿದರು. ಕೊಡೆ ಕಂಕುಳಲ್ಲಿತ್ತು, ಬಿಚ್ಚುವುದು ಮರೆತಿದ್ದರು. ತೆಪ್ಪದ ದೃಶ್ಯ ನೋಡುವಾಗ ನನಗೆ ಕಾಣುವುದು ಮೊಗಾಮಿ ನದಿಯ ಜೊತೆಗೆ ಆ ಕೊಡೆ ಕೂಡ.

ದೃಶ್ಯ ಅಂದರೆ ಅರ್ಧ ಪರದೆಯಲ್ಲಿರುತ್ತದೆ, ಅರ್ಧ ನೋಡುವವರಲ್ಲಿ. 1920ರ ಆಸುಪಾಸಿನಲ್ಲಿ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಇದನ್ನು ಸರಳವಾಗಿ ತೋರಿಸಿದರು. ಒಬ್ಬ ನಟನ ಒಂದೇ ನಿರ್ಲಿಪ್ತ ಮುಖ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಣ್ಣು. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆ ಎಲ್ಲವನ್ನೂ ಕಂಡರು. ಮುಖ ಮಾತ್ರ ಬದಲಾಗಿರಲಿಲ್ಲ. ಕಡಿಮೆ ನಟಿಸುವ ನಟರು ನಮ್ಮನ್ನು ಜಾಸ್ತಿ ಅಳಿಸುವುದು ಇದಕ್ಕೇ ಅನ್ನಿಸುತ್ತದೆ. ಅವರು ನಮಗೆ ಜಾಗ ಬಿಡುತ್ತಾರೆ.

ಆದರೂ ಒಂದು ಸಣ್ಣ ಗುರುತನ್ನು ಮಾತ್ರ ನಟಿಸಿ ತೋರಿಸುವುದು ಕಷ್ಟ. ನಿಜವಾದ ದುಃಖದಲ್ಲಿ ಹುಬ್ಬಿನ ಒಳತುದಿಗಳು ಮೇಲೇಳುತ್ತವೆ. 1872ರಲ್ಲಿ ಡಾರ್ವಿನ್ ಈ ಸ್ನಾಯುಗಳನ್ನು 'ದುಃಖದ ಸ್ನಾಯುಗಳು' ಎಂದು ಕರೆದ. ಬೇಕೆಂದಾಗ ಇವನ್ನು ಆಡಿಸಬಲ್ಲವರು ಕಡಿಮೆ. ಕನ್ನಡಿ ಮುಂದೆ ಪ್ರಯತ್ನ ಮಾಡಿ ನೋಡಿ, ಹುಬ್ಬು ಪೂರ್ತಿ ಏರುತ್ತದೆ, ಇಲ್ಲವೇ ಗಂಟಿಕ್ಕುತ್ತದೆ. ಟೀವಿ ಮುಖವನ್ನು ಹತ್ತಿರದಿಂದ ತೋರಿಸುತ್ತದೆ. ಹುಬ್ಬಿನ ಆ ಒಂದು ಚೂರು ಚಲನೆ ನಮ್ಮ ಅಜ್ಜಿಯರಿಗೆ ಕಾಣದೇ ಹೋಗುವುದಿಲ್ಲ.

ಬಿಗಿದು ಸಡಿಲುವಾಗ ಅಳು ಬರುತ್ತದೆ ಅನ್ನುವ ಸಿದ್ಧಾಂತಕ್ಕೆ ಸುಲಭವಾಗಿ ಬಗ್ಗದ ಒಂದು ದೃಶ್ಯವನ್ನೂ ಹೇಳಬೇಕು. ಅಮೆರಿಕದ 'ಮ್ಯಾಶ್' ಧಾರಾವಾಹಿ ಕೊರಿಯಾ ಯುದ್ಧಭೂಮಿಯ ಸೇನಾ ಆಸ್ಪತ್ರೆಯೊಂದರ ಕಥೆ. 1975ರ ಮಾರ್ಚ್ 18ರ ಕಂತಿನಲ್ಲಿ ಎಲ್ಲರಿಗೂ ಬೇಕಾಗಿದ್ದ ಅಧಿಕಾರಿ ಹೆನ್ರಿ ಬ್ಲೇಕ್ ಮನೆಗೆ ಹೊರಡುತ್ತಾನೆ. ಕಂತಿನ ತುಂಬಾ ನಗು, ಬೀಳ್ಕೊಡುಗೆ. ಕೊನೆಯಲ್ಲಿ ಗುಮಾಸ್ತ ಹುಡುಗ ಶಸ್ತ್ರಚಿಕಿತ್ಸೆಯ ಕೋಣೆಗೆ ಬಂದು, ಅವನಿದ್ದ ವಿಮಾನವನ್ನು ಸಮುದ್ರದ ಮೇಲೆ ಹೊಡೆದುರುಳಿಸಿದರು, ಯಾರೂ ಉಳಿದಿಲ್ಲ ಎಂದು ಓದುತ್ತಾನೆ. ಹೆಚ್ಚಿನ ನಟರಿಗೆ ಆ ಕೊನೆಯ ಪುಟ ಸಿಕ್ಕಿದ್ದೇ ಚಿತ್ರೀಕರಣಕ್ಕೆ ಸ್ವಲ್ಪ ಮೊದಲು. ಸಂಗೀತ ಇಲ್ಲ. ಕೇಳುತ್ತಿರುವ ವೈದ್ಯರು, ನರ್ಸ್‌ಗಳ ಮುಖಕ್ಕೆ ಮಾಸ್ಕ್, ಕಾಣುವುದು ಕಣ್ಣು ಮಾತ್ರ. ಕೈಯಡಿಯಲ್ಲಿ ರೋಗಿ ಇರುವುದರಿಂದ ಯಾರೂ ಕೆಲಸ ನಿಲ್ಲಿಸುವ ಹಾಗಿಲ್ಲ. ಇಲ್ಲಿ ಸೇರುವುದು, ಸಿಗುವುದು ಏನೂ ಇಲ್ಲ. ಆದರೆ ನಗುನಗುತ್ತಾ ಬೀಳ್ಕೊಟ್ಟ ನಮ್ಮ ಮನಸ್ಸು ಆಗಲೇ ಸಡಿಲವಾಗಿತ್ತು. ಪೆಟ್ಟು ಬಿದ್ದಿದ್ದು ಅದರ ಮೇಲೆ. ಸಿಟ್ಟಿನ ಪತ್ರಗಳು ರಾಶಿ ಬಂದವು. ಯುದ್ಧದಲ್ಲಿ ಸಾವು ಹೀಗೇ ಬರುತ್ತದೆ ಅನ್ನುವುದು ಅದನ್ನು ಮಾಡಿದವರ ನಿಲುವಾಗಿತ್ತು. ಅವರದ್ದೇ ಸರಿ ಅಂತ ನನ್ನ ಅಭಿಪ್ರಾಯ.

ಧಾರಾವಾಹಿಗೆ ಸಿನಿಮಾಕ್ಕಿಲ್ಲದ ಒಂದು ಬಲ ಇದೆ. ಅದು ದಿನಾ ಮನೆಗೆ ಬರುತ್ತದೆ. 1956ರಲ್ಲೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು, ಪರದೆಯ ಮೇಲಿನವರ ಜೊತೆ ನೋಡುಗರು ಒಂದು ಕಡೆಯ ಸ್ನೇಹ ಬೆಳೆಸಿಕೊಳ್ಳುತ್ತಾರೆ ಎಂದು ಬರೆದರು. ಅವರಿಗೆ ನಾವು ಗೊತ್ತಿಲ್ಲ, ನಮಗೆ ಅವರ ಮನೆಯ ಪಾತ್ರೆ ಪಡಗವೂ ಗೊತ್ತು. ಮಳೆಗಾಲದಲ್ಲಿ ವಾರಗಟ್ಟಲೆ ಹೊರಗೆ ಕಾಲಿಡಲಾಗದ ಒಬ್ಬ ಮುದುಕಿಗೆ ಈ ಸ್ನೇಹ ಸಣ್ಣದೇನಲ್ಲ. ಮುಗಿದುಹೋಗುವ ಧಾರಾವಾಹಿಗಾಗಿ ಜನ ಬೇಸರ ಪಡುವುದನ್ನು ಸಂಶೋಧಕರು ಸ್ನೇಹ ಮುರಿದಾಗಿನ ನೋವಿನ ಜೊತೆ ಹೋಲಿಸಿ ನೋಡಿದ್ದಾರೆ. ಸುಮ್ನೆ ಟೀವಿ ಹುಚ್ಚು ಅಂತ ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಎಲ್ಲರೂ ಎಲ್ಲ ದೃಶ್ಯ ನೋಡಲು ಆಗುವುದೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಮನೆ, ತೋಟ, ದಾರಿ ಮಣ್ಣಿನಡಿ ಹೋದವು. ಆಮೇಲೆ ಎಷ್ಟೋ ದಿನ, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಯಾರನ್ನೋ ಹುಡುಕುವ ದೃಶ್ಯ ಬಂದರೆ ಅಜ್ಜಿ ಚಾನೆಲ್ ಬದಲಿಸುತ್ತಿದ್ದರು. ಕಥೆಯ ದುಃಖ ನಮ್ಮನ್ನು ಕರಗಿಸಬೇಕಾದರೆ ನಾವು ಅದರಿಂದ ಒಂದು ಕೈ ದೂರದಲ್ಲಿರಬೇಕು. ಮಳೆಯ ಸದ್ದು ಟೀವಿಯಿಂದ ಬರುತ್ತಿದೆಯೋ ಹಂಚಿನಿಂದಲೋ ಎಂದು ಕಿವಿಗೆ ತಿಳಿಯದಿದ್ದಾಗ ಆ ಒಂದು ಕೈ ದೂರ ಉಳಿಯುವುದಿಲ್ಲ.

ಅತ್ತರೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ಅದನ್ನೂ ನೋಡಿದ್ದಾರೆ. ನೆದರ್‌ಲ್ಯಾಂಡ್ಸ್‌ನ ಮನೋವಿಜ್ಞಾನಿ ಆಡ್ ವಿಂಗರ್‌ಹೂಟ್ಸ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ಜನ ದುಃಖದ ಸಿನಿಮಾ ನೋಡಿದರು. 28 ಜನ ಅತ್ತರು. ಮುಗಿದ ಕೂಡಲೇ ಅತ್ತವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು. 20 ನಿಮಿಷಕ್ಕೆ ಮೊದಲಿನ ಮಟ್ಟಕ್ಕೆ ಬಂತು. 90 ನಿಮಿಷ ಆದ ಮೇಲೆ ಸಿನಿಮಾ ನೋಡುವ ಮೊದಲಿಗಿಂತಲೂ ಚೆನ್ನಾಗಿತ್ತು. ನಮ್ಮ ಮನೆಯಲ್ಲಿ ಏಳರ ಧಾರಾವಾಹಿಗೆ ಅತ್ತರೆ ಊಟದ ಹೊತ್ತಿಗೆ ಸರಿಯಾಗುವ ಲೆಕ್ಕ.

ಆ ರಾತ್ರಿ ಸಿಗ್ನಲ್ ಬರಲಿಲ್ಲ. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಅಕ್ಕ ತೋಟಕ್ಕೆ ಹೋಗುವ ದಾರಿಯಲ್ಲಿ ಮಳೆಗೆ ಹೊದೆಯುವ ಗೊಪ್ಪೆ ಹಾಕಿಕೊಂಡೇ ಅಂಗಳದಲ್ಲಿ ನಿಂತರು. ಅವರ ಮಗಳು ರಾತ್ರಿ ಮೊಬೈಲಿನಲ್ಲಿ ಆ ಕಂತು ತೋರಿಸಿದ್ದಳಂತೆ.

"ತಿರುಗಿ ನೋಡಿದ್ಲು ಅಜ್ಜಿ. ಏನೂ ಮಾತಾಡ್ಲಿಲ್ಲ. ಮಗಳ ಹೆಗಲಿಂದ ಬ್ಯಾಗ್ ತಗೊಂಡು ತಾನು ಹಾಕೊಂಡ್ಲು, ಅಷ್ಟೇ."

ಸುಣ್ಣ ಹಚ್ಚುತ್ತಿದ್ದ ಅಜ್ಜಿಯ ಬೆರಳು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಸೆರಗು ಕಣ್ಣಿಗೆ ಹೋಯಿತು. "ಅಷ್ಟು ದೂರದಿಂದ ಹೊತ್ಕೊಂಡು ಬಂದಿರ್ತಾಳೆ, ಪಾಪ" ಅಂದರು. ಅಂಗಳದಲ್ಲಿ ನಿಂತಿದ್ದ ಅಕ್ಕ ಗೊಪ್ಪೆಯ ಅಂಚಿನಿಂದ ಮೂಗು ಒರೆಸಿಕೊಂಡರು.