ಹಳೇ ಬಿಲ್ಡಿಂಗ್‌ನ ಕರೆಂಟ್ ಬಿಲ್ ಇಳೀಬೇಕು ಅಂದ್ರೆ ಮೊದಲು ಚಿಲ್ಲರ್ ಬದಲಾಯಿಸ್ಬೇಕಾ?

ಓದುಗರ ಪ್ರಶ್ನೆ: ನಮ್ಮದು ಮೂವತ್ತು ವರ್ಷ ಹಳೇ ಆಫೀಸ್ ಬಿಲ್ಡಿಂಗ್, ಸೆಂಟ್ರಲ್ ಎಸಿ ಇದೆ. ಕರೆಂಟ್ ಬಿಲ್ ವರ್ಷದಿಂದ ವರ್ಷಕ್ಕೆ ಏರ್ತಾನೇ ಇದೆ. ಚಿಲ್ಲರ್ ಹಳೇದಾಗಿದೆ, ಹೊಸದು ಹಾಕ್ಸಿ, ಎಲ್ಲಾ ಸರಿಹೋಗತ್ತೆ ಅಂತ ಮಾರೋಕೆ ಬಂದವರು ಹೇಳ್ತಿದಾರೆ. ಅಲ್ಲಿಂದಲೇ ಶುರು ಮಾಡೋದಾ?

ಉತ್ತರ: ಬೇಡ. ಚಿಲ್ಲರ್, ಅಂದ್ರೆ ಇಡೀ ಬಿಲ್ಡಿಂಗ್‌ನ ಎಸಿಗೆ ನೀರನ್ನ ತಣ್ಣಗೆ ಮಾಡಿ ಕಳಿಸೋ ಮೆಷಿನ್, ಅದನ್ನ ಬದಲಾಯಿಸ್ಲೇಬೇಡಿ ಅಂತ ಹೇಳ್ತಿಲ್ಲ, ಅದರ ಸರದಿ ಕೊನೇಲಿ ಬರ್ಲಿ ಅಂತ ಹೇಳ್ತಿದೀನಿ. ಯಾಕಂದ್ರೆ ಇವತ್ತು ನಿಮ್ಮ ಬಿಲ್ಡಿಂಗ್‌ಗೆ ಎಷ್ಟು ತಂಪು ಬೇಕಾಗ್ತಿದೆಯೋ (ಇದನ್ನೇ ಲೋಡ್ ಅನ್ನೋದು) ಅದರಲ್ಲಿ ಒಂದು ಭಾಗ ಸುಮ್ನೆ ಪೋಲಾಗ್ತಿರೋ ತಂಪು, ಹಳೇ ಲೈಟ್‌ಗಳ ಶಾಖ, ಕಿಟಕಿಯಿಂದ ನುಗ್ಗೋ ಬಿಸಿಲು, ಯಾರೂ ಇಲ್ಲದ ಹೊತ್ತಲ್ಲೂ ಓಡೋ ಫ್ಯಾನು, ಇವೆಲ್ಲ ಸೇರಿ ಆ ಲೋಡ್ ಆಗಿರೋದು. ಆ ಲೋಡನ್ನೇ ಅಳತೆ ಅಂತ ಇಟ್ಕೊಂಡು ಹೊಸ ಚಿಲ್ಲರ್ ತಂದ್ರೆ ಅದು ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕ್ಸಿದಂಗೆ. ಆಮೇಲೆ ಎರಡು ವರ್ಷ ಬಿಟ್ಟು ಲೈಟು ಗ್ಲಾಸು ಎಲ್ಲಾ ಸರಿ ಮಾಡಿಸಿದಾಗ ಲೋಡ್ ಇಳಿಯತ್ತೆ, ಆದರೆ ದೊಡ್ಡ ಚಿಲ್ಲರ್ ಆಗಲೇ ಕೂತಾಗಿರತ್ತೆ, ಇನ್ನು ಇಪ್ಪತ್ತು ವರ್ಷ ಅದು ಪೂರ್ತಿ ಕೆಲಸ ಇಲ್ಲದೆ ಆನ್ ಆಫ್ ಆಗ್ತಾ ಇರತ್ತೆ.

ಇದಕ್ಕೆ ಒಳ್ಳೆ ಉದಾಹರಣೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗ್. 1931ರಲ್ಲಿ ಶುರುವಾದ 102 ಮಹಡಿ ಕಟ್ಟಡ, ಅದರ ರೆಟ್ರೋಫಿಟ್, ಅಂದ್ರೆ ಹಳೇ ಕಟ್ಟಡವನ್ನ ಕೆಡವದೆ ಸುಧಾರಿಸೋ ಯೋಜನೆ 2009ರಲ್ಲಿ ಪ್ರಕಟ ಆಯ್ತು, ಎನರ್ಜಿ ಖರ್ಚು ಶೇಕಡಾ 38ರಷ್ಟು ಇಳಿಸೋದು ಗುರಿ. ಅವರು ಕೈಹಾಕಿದ್ದು ಸುಮಾರು 6,500 ಕಿಟಕಿಗಳಿಗೆ. ಗ್ಲಾಸ್ ಎಸೀಲಿಲ್ಲ, ಬಿಲ್ಡಿಂಗ್ ಒಳಗೇ ಒಂದು ವರ್ಕ್‌ಶಾಪ್ ಮಾಡ್ಕೊಂಡು, ಇದ್ದ ಜೋಡಿ ಗ್ಲಾಸ್ ಬಿಚ್ಚಿ ಮಧ್ಯೆ ತೆಳು ಫಿಲ್ಮ್ ಎಳೆದು ಗ್ಯಾಸ್ ತುಂಬಿಸಿ ವಾಪಸ್ ಅಲ್ಲೇ ಕೂರಿಸಿದ್ರು. ಚಳಿಗಾಲದಲ್ಲಿ ರೂಮ್ ಬಿಸಿ ಮಾಡೋ ರೇಡಿಯೇಟರ್‌ಗಳ ಹಿಂದೆ ಇನ್ಸುಲೇಷನ್ ಹಾಕಿದ್ರು, ಲೈಟಿಂಗ್ ಲೋಡ್ ಇಳಿಸೋಕೆ ಯೋಜನೆ ಮಾಡಿದ್ರು, ಕಂಟ್ರೋಲ್ಸ್ (ಎಸಿ, ಫ್ಯಾನ್ ಯಾವಾಗ ಎಷ್ಟು ಓಡ್ಬೇಕು ಅಂತ ನೋಡ್ಕೊಳ್ಳೋ ವ್ಯವಸ್ಥೆ) ಹೊಸದು ಮಾಡಿದ್ರು. ಇದೆಲ್ಲಾ ಲೆಕ್ಕ ಹಾಕಿದ ಮೇಲೆ ಬೇಕಾಗೋ ಕೂಲಿಂಗೇ ಸುಮಾರು ಮೂರನೇ ಒಂದು ಭಾಗ ಕಮ್ಮಿ ಅಂತ ಗೊತ್ತಾಯ್ತು, ಹಾಗಾಗಿ ಚಿಲ್ಲರ್ ಬದಲಾಯಿಸಿ ಕೂಲಿಂಗ್ ಪ್ಲಾಂಟ್ ದೊಡ್ಡದು ಮಾಡೋ ಖರ್ಚೇ ಉಳೀತು, ಹಳೇ ಚಿಲ್ಲರ್‌ಗಳ ಹೊರಗಿನ ಕವಚ ಹಾಗೇ ಉಳಿಸಿ ಒಳಗಿನ ಭಾಗ ಮಾತ್ರ ಹೊಸದು ಹಾಕಿದ್ರು. ನನಗೆ ಈ ಪ್ರಾಜೆಕ್ಟ್‌ನಲ್ಲಿ ತುಂಬಾ ಹಿಡಿಸಿದ್ದು ಇದೇ, ಕಿಟಕಿಗೆ ಹಾಕಿದ ದುಡ್ಡು ಪ್ಲಾಂಟ್ ರೂಮಲ್ಲಿ ಉಳೀತು.

ಸರಿ, ನಿಮ್ಮ ಬಿಲ್ಡಿಂಗ್‌ಗೆ ಬರೋಣ. ದುಡ್ಡು ಖರ್ಚು ಮಾಡೋಕೂ ಮುಂಚೆ ಒಂದು ಕೆಲಸ ಮಾಡಿ, ಮೀಟರ್‌ನ ಗಂಟೆಗಂಟೆ ರೀಡಿಂಗ್ ತೆಗೆಸಿ, ಅದಿಲ್ಲ ಅಂದ್ರೆ ಒಂದು ವಾರ ಯಾರಾದ್ರೂ ನಿಂತು ಬರ್ಕೊಂಡ್ರೂ ನಡಿಯತ್ತೆ. ಅದರಲ್ಲಿ ರಾತ್ರಿ ಎರಡು ಗಂಟೆಗೆ ಕರೆಂಟ್ ಲೋಡ್ ಎಷ್ಟು, ರಜಾ ದಿನದ ಮಧ್ಯಾಹ್ನದ ಲೋಡ್ ಎಷ್ಟು ನೋಡಿ. ಖಾಲಿ ಆಫೀಸ್ ಬಿಲ್ಡಿಂಗ್ ಹಗಲಿನ ಲೋಡ್‌ನ ಅರ್ಧದಷ್ಟು ಎಳೀತಿದೆ ಅಂದ್ರೆ, ಒಳಗೆ ದೊಡ್ಡ ಸರ್ವರ್ ರೂಮ್ ಏನೂ ಇಲ್ಲದಿದ್ರೆ, ಅದಕ್ಕೆ ಕಾರಣ ಹುಡುಕ್ಲೇಬೇಕು. ರಾತ್ರಿ ಹೊತ್ತು ಒಂದ್ಸಲ ಟಾರ್ಚ್ ಹಿಡ್ಕೊಂಡು ಮಹಡಿ ಮಹಡಿ ಸುತ್ತಿ, ಯಾವ ಎಎಚ್‌ಯು (ಮಹಡಿಗೆ ತಂಪು ಗಾಳಿ ಊದೋ ಯೂನಿಟ್) ಓಡ್ತಿದೆ, ಯಾವ ಎಕ್ಸಾಸ್ಟ್ ಫ್ಯಾನ್ ಓಡ್ತಿದೆ, ಯಾವ ಪಂಪ್ ಬಿಸಿ ಇದೆ ಅಂತ ನೋಡಿ. ಕರೆಂಟ್ ಖರ್ಚಿನ ಆಡಿಟ್ ಮಾಡೋರು ಬರೋಕೆ ಮುಂಚೆ ನೀವೇ ಮಾಡಬಹುದಾದ ಕೆಲಸ ಇದು.

ಆಮೇಲೆ ಕಂಟ್ರೋಲ್ಸ್. ಹೊಸ ಮೆಷಿನ್ ಏನೂ ಹಾಕದೆ, ಇರೋದನ್ನೇ ಸರಿಯಾಗಿ ಓಡೋ ಹಾಗೆ ಮಾಡೋದಕ್ಕೆ ರೆಟ್ರೋ ಕಮಿಷನಿಂಗ್ ಅಂತಾರೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ನೂರಾರು ಕಟ್ಟಡಗಳ ಲೆಕ್ಕ ಒಟ್ಟು ಮಾಡಿ ನೋಡಿದಾಗ ಹಳೇ ಕಟ್ಟಡಗಳಲ್ಲಿ ಇದರಿಂದ ಉಳಿತಾಯದ ಮೀಡಿಯನ್ (ಅರ್ಧ ಕಟ್ಟಡಗಳಲ್ಲಿ ಇದಕ್ಕಿಂತ ಜಾಸ್ತಿ, ಇನ್ನರ್ಧದಲ್ಲಿ ಕಮ್ಮಿ) ಶೇಕಡಾ 16, ಹಾಕಿದ ದುಡ್ಡು ವಾಪಸ್ ಬಂದಿದ್ದು ಸುಮಾರು 1.1 ವರ್ಷದಲ್ಲಿ. ಇಷ್ಟು ಬೇಗ ದುಡ್ಡು ವಾಪಸ್ ಕೊಡೋ ಕೆಲಸ ಇನ್ನೊಂದು ಸಿಗೋದು ಕಷ್ಟ, ಆದರೂ ಜನ ಇದನ್ನ ಬಿಟ್ಟು ಸೀದಾ ಹೊಸ ಮೆಷಿನ್‌ಗೆ ಹೋಗ್ತಾರಲ್ಲ ಅಂತ ಬೇಜಾರಾಗತ್ತೆ.

ಇದರಲ್ಲಿ ಸರಿ ಮಾಡೋಕೆ ಏನೇನು ಸಿಗತ್ತೆ ಅಂತ ಕೇಳಿದ್ರೆ, ಎಎಚ್‌ಯು ರೂಮಿಗೆ ಹೋಗಿ ವಿಎಫ್‌ಡಿ, ಅಂದ್ರೆ ಫ್ಯಾನ್ ಮೋಟಾರ್ ಸ್ಪೀಡ್ ಏರಿಸಿ ಇಳಿಸೋ ಪೆಟ್ಟಿಗೆ, ಅದರ ಡಿಸ್ಪ್ಲೇ ನೋಡಿ. ವಿಎಫ್‌ಡಿ ಹಾಕಿರೋದೇ ಲೋಡ್ ಕಮ್ಮಿ ಇದ್ದಾಗ ಫ್ಯಾನ್ ನಿಧಾನ ಓಡ್ಲಿ ಅಂತ, ಆದರೆ ಎಷ್ಟೋ ಕಡೆ ಬೆಳಿಗ್ಗೆ ನೋಡಿದ್ರೂ 50 ಹರ್ಟ್ಸ್, ಸಂಜೆ ನೋಡಿದ್ರೂ 50 ಹರ್ಟ್ಸ್, ಅಂದ್ರೆ ಫುಲ್ ಸ್ಪೀಡ್, ಯಾಕಂದ್ರೆ ಯಾವತ್ತೋ ಒಂದಿನ ಸೆನ್ಸರ್ ಕೆಟ್ಟಿದೆ, ಯಾರೋ ಸೆಕೆ ಅಂತ ಕಂಪ್ಲೇಂಟ್ ಮಾಡಿದಾರೆ, ಆಪರೇಟರ್ ಅದನ್ನ ಮ್ಯಾನ್ಯುಯಲ್‌ಗೆ ಹಾಕಿದಾನೆ, ಅದು ಅಲ್ಲೇ ಉಳ್ಕೊಂಡಿದೆ. ಫ್ಯಾನ್ ವಿಷಯದಲ್ಲಿ ಪವರ್ ಅನ್ನೋದು ಸ್ಪೀಡ್‌ನ ಘನಕ್ಕೆ ತಕ್ಕಂತೆ ಏರಿಳಿಯತ್ತೆ, ಸ್ಪೀಡ್ ಶೇಕಡಾ 80ಕ್ಕೆ ಇಳಿಸಿದ್ರೆ ಲೆಕ್ಕದ ಪ್ರಕಾರ ಪವರ್ ಶೇಕಡಾ 51ಕ್ಕೆ ಇಳಿಯತ್ತೆ. ನಿಜವಾದ ಡಕ್ಟ್‌ನಲ್ಲಿ (ಗಾಳಿ ಹೋಗೋ ಕೊಳವೆಯಲ್ಲಿ) ಒಂದಷ್ಟು ಪ್ರೆಶರ್ ಯಾವಾಗಲೂ ಹಿಡಿದಿಟ್ಕೋಬೇಕಾಗಿರೋದ್ರಿಂದ ಪೂರ್ತಿ ಅಷ್ಟು ಸಿಗಲ್ಲ, ಆದರೂ ಸಿಗೋದು ಚಿಕ್ಕದೇನಲ್ಲ. ಆ ಮ್ಯಾನ್ಯುಯಲ್ ಸ್ವಿಚ್ ಆಟೋಗೆ ತರೋದು, ಕೆಟ್ಟ ಸೆನ್ಸರ್ ಬದಲಾಯಿಸೋದು, ಇಷ್ಟೇ ಕೆಲಸ.

ಹಾಗೇ ಹೊರಗಿನ ಗಾಳಿ ಬರೋ ಡ್ಯಾಂಪರ್ (ಗಾಳಿಯ ದಾರಿ ತೆರೆದು ಮುಚ್ಚೋ ಬಾಗಿಲು) ಹತ್ರ ಹೋಗಿ ಕೈಯಿಂದ ಅಲ್ಲಾಡಿಸಿ ನೋಡಿ. ತುಕ್ಕು ಹಿಡಿದು ಪೂರ್ತಿ ತೆರೆದೇ ನಿಂತಿದ್ರೆ ಹೊರಗಿನ ಬಿಸಿ ಗಾಳಿಯನ್ನೆಲ್ಲಾ ನಿಮ್ಮ ಚಿಲ್ಲರ್ ತಂಪು ಮಾಡ್ತಿದೆ. ಮುಚ್ಚಿ ನಿಂತಿದ್ರೆ ಇನ್ನೂ ಕೆಟ್ಟದು, ಒಳಗೆ ಕೂತವರಿಗೆ ಒಳ್ಳೆ ಗಾಳಿ ಇಲ್ಲ, ಮಧ್ಯಾಹ್ನ ಆಗ್ತಿದ್ದಂಗೆ ತಲೆ ಭಾರ. ಕರೆಂಟ್ ಉಳಿಸೋಕೆ ಅಂತ ಗಾಳಿ ಕಟ್ ಮಾಡೋದನ್ನ ನಾನು ಯಾವ ಕಾರಣಕ್ಕೂ ಒಪ್ಪಲ್ಲ. ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಹಾಕಿ, ಜನ ಎಷ್ಟಿದ್ದಾರೋ ಅದಕ್ಕೆ ತಕ್ಕಷ್ಟು ಗಾಳಿ ತಗೊಳ್ಳೋ ಹಾಗೆ ಮಾಡಿ, ಮೀಟಿಂಗ್ ರೂಮು ಆಡಿಟೋರಿಯಂ ಇರೋ ಕಡೆ ಇದು ತುಂಬಾ ಉಪಯೋಗ. ಥರ್ಮೋಸ್ಟಾಟ್‌ಗಳು ಎಲ್ಲಿವೆ ಅಂತಾನೂ ನೋಡ್ಕೊಳ್ಳಿ, ಪಾರ್ಟಿಷನ್ ಬದಲಾಯಿಸ್ತಾ ಬಂದ ಹಳೇ ಆಫೀಸ್‌ಗಳಲ್ಲಿ ಒಂದು ರೂಮಿನ ಥರ್ಮೋಸ್ಟಾಟ್ ಇನ್ನೊಂದು ರೂಮಿನ ಪ್ರಿಂಟರ್ ಪಕ್ಕದಲ್ಲಿರತ್ತೆ, ಪ್ರಿಂಟರ್ ಬಿಸಿಗೆ ಅದು ಸೆಕೆ ಅಂದ್ಕೊಂಡು ತಂಪು ಜಾಸ್ತಿ ಮಾಡತ್ತೆ, ಆ ಕಡೆಯವರು ನಡುಗ್ತಾ ಕೂತಿರ್ತಾರೆ.

ಲೈಟಿಂಗ್ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸ್ತೀನಿ. ಹಳೇ 36 ವ್ಯಾಟ್ ಟ್ಯೂಬ್‌ಲೈಟು ಚೋಕ್ ಸೇರಿ 45 ವ್ಯಾಟ್ ಹತ್ರ ಎಳಿಯತ್ತೆ, ಅದರ ಜಾಗದಲ್ಲಿ 18ರಿಂದ 20 ವ್ಯಾಟ್ ಎಲ್‌ಇಡಿ ಸಾಕು. ಆದರೆ ಒಂದಕ್ಕೊಂದು ಬದಲಾಯಿಸ್ಬೇಡಿ, ಮೊದಲು ಬೆಳಕು ಅಳೆಯೋ ಲಕ್ಸ್ ಮೀಟರ್ ಇಟ್ಟು ಅಳೀರಿ, ಕಾರಿಡಾರ್‌ನಲ್ಲಿ ಓದೋ ಟೇಬಲ್‌ಗೆ ಬೇಕಾದಷ್ಟು ಬೆಳಕಿದ್ರೆ ಅರ್ಧ ಫಿಟ್ಟಿಂಗ್ ತೆಗೆದೇ ಹಾಕಬಹುದು. ರೂಮೊಳಗೆ ಲೈಟಿಗೆ ಹೋಗೋ ಕರೆಂಟೆಲ್ಲಾ ಕೊನೆಗೆ ಶಾಖವೇ ಆಗೋದು, ಆ ಶಾಖ ಹೊರಗೆ ಹಾಕೋಕೆ ಎಸಿ ಮತ್ತೆ ಕರೆಂಟ್ ತಿನ್ನತ್ತೆ, ಹಾಗಾಗಿ ವರ್ಷಪೂರ್ತಿ ಎಸಿ ಓಡೋ ಬಿಲ್ಡಿಂಗ್‌ನಲ್ಲಿ ಲೈಟಲ್ಲಿ ಉಳಿಸಿದ ಪ್ರತಿ ಮೂರು ಯೂನಿಟ್‌ಗೆ ಹೆಚ್ಚೂಕಮ್ಮಿ ಇನ್ನೊಂದು ಯೂನಿಟ್ ಎಸಿಯಲ್ಲೂ ಉಳಿಯತ್ತೆ.

ಇನ್ನು ಗೋಡೆ, ಕಿಟಕಿ, ಟೆರೇಸ್. ಪೂರ್ತಿ ಗ್ಲಾಸ್ ಬದಲಾಯಿಸೋದು ದುಬಾರಿ, ಬರೀ ಕರೆಂಟ್ ಉಳಿತಾಯದಿಂದ ಆ ದುಡ್ಡು ವಾಪಸ್ ಬರೋಕೆ ತುಂಬಾ ವರ್ಷ ಬೇಕು, ಅದನ್ನ ಫ್ರೇಮ್ ಹೇಗೂ ರಿಪೇರಿಗೆ ಬಂದಾಗ ಸೇರಿಸ್ಕೊಳ್ಳಿ. ಅಲ್ಲೀವರೆಗೂ ಪಶ್ಚಿಮದ ಕಿಟಕಿಗಳಿಗೆ ಹೊರಗಡೆಯಿಂದ ನೆರಳು, ಸೋಲಾರ್ ಕಂಟ್ರೋಲ್ ಫಿಲ್ಮ್, ಬಾಗಿಲು ಸಂದಿ ಮುಚ್ಚೋದು, ಇಷ್ಟು ಮಾಡಬಹುದು. ಬಿಸಿಲು ಗ್ಲಾಸ್ ದಾಟಿ ಒಳಗೆ ಬಂದ ಮೇಲೆ ಕರ್ಟನ್ ಎಳೆದ್ರೆ ಕಣ್ಣಿಗೆ ಹಿತ, ಶಾಖ ಹೆಚ್ಚಿನದು ಒಳಗೇ. ಟೆರೇಸ್ ಕಪ್ಪಗಿದ್ರೆ ಬೇಸಿಗೆ ಮಧ್ಯಾಹ್ನ ಅದರ ಮೈ 65 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಬಿಸಿಲು ವಾಪಸ್ ಹೊಡೆಯೋ ಬಿಳಿ ಕೋಟಿಂಗ್ ಹಾಕಿದ್ರೆ ಅದೇ ಹೊತ್ತಲ್ಲಿ 25 ಡಿಗ್ರಿಗೂ ಜಾಸ್ತಿ ತಣ್ಣಗಿರಬಹುದು. ಒಂದೆರಡು ಮಹಡಿ ಬಿಲ್ಡಿಂಗ್‌ಗೆ ಇದರ ಲಾಭ ದೊಡ್ಡದು, ಹತ್ತು ಮಹಡಿದಾದ್ರೆ ಮೇಲಿನ ಮಹಡಿಯವರಿಗೆ ಮಾತ್ರ.

ಒಂದು ಎಚ್ಚರಿಕೆ, ಹಳೇ ಬಿಲ್ಡಿಂಗ್‌ನ ಪೈಪ್ ಇನ್ಸುಲೇಷನ್, ಫಾಲ್ಸ್ ಸೀಲಿಂಗ್, ಶೀಟ್‌ಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಕೊರೆಯೋಕೆ, ಒಡೆಯೋಕೆ ಮುಂಚೆ ಟೆಸ್ಟ್ ಮಾಡಿಸಿ. ಅದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ಕ್ಯಾನ್ಸರ್ ಬರಬಹುದು, ಕೆಲಸ ಮಾಡೋ ಹುಡುಗರ ಜೀವದ ಪ್ರಶ್ನೆ, ಇದರಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ.

ಇಷ್ಟೆಲ್ಲಾ ಆಗಿ ಒಂದು ಬೇಸಿಗೆ ಕಳೀಲಿ, ಆಗ ನಿಮಗೆ ನಿಜವಾದ ಪೀಕ್ ಲೋಡ್ ಗೊತ್ತಾಗತ್ತೆ. ಹಳೇ ಚಿಲ್ಲರ್ ಆ ಬೇಸಿಗೆ ತಡೆಯಲ್ಲ ಅನ್ನೋ ಸ್ಥಿತಿಲಿದ್ರೆ ಕಾಯೋಕಾಗಲ್ಲ, ಆಗ ಲೋಡ್ ಎಷ್ಟು ಇಳಿಸ್ತೀರೋ ಅದನ್ನ ಮೊದಲೇ ಲೆಕ್ಕ ಹಾಕಿ ಅದಕ್ಕೆ ತಕ್ಕ ಸೈಜ್ ಕೇಳಿ. ಮಾರೋರು ಕೊಡೋ ಫುಲ್ ಲೋಡ್ ಎಫಿಶಿಯೆನ್ಸಿ ಒಂದನ್ನೇ ನೋಡ್ಬೇಡಿ, ವರ್ಷದಲ್ಲಿ ಫುಲ್ ಲೋಡ್ ಇರೋದು ಕೆಲವೇ ಗಂಟೆ, ಪಾರ್ಟ್ ಲೋಡ್‌ನಲ್ಲಿ, ಅಂದ್ರೆ ಕಮ್ಮಿ ಕೆಲಸ ಇರೋವಾಗ, ಎಷ್ಟು ಅಂತ ಬರೆದು ಕೊಡೋಕೆ ಹೇಳಿ.

ಬಿಲ್ಡಿಂಗ್ ಬಾಡಿಗೆಗೆ ಕೊಟ್ಟಿದ್ರೆ ಇನ್ನೊಂದು ತೊಡಕಿದೆ, ದುಡ್ಡು ಹಾಕೋದು ಓನರ್, ಬಿಲ್ ಇಳಿಯೋದು ಬಾಡಿಗೆದಾರರಿಗೆ, ಹಾಗಾಗಿ ಇಬ್ಬರೂ ಕೈ ಕಟ್ಟಿ ಕೂರ್ತಾರೆ. ಉಳಿದ ದುಡ್ಡು ಹೇಗೆ ಹಂಚ್ಕೋಬೇಕು ಅಂತ ಅಗ್ರಿಮೆಂಟ್ ರಿನ್ಯೂ ಮಾಡೋವಾಗಲೇ ಬರೆಸಿಬಿಡಿ. ಕೆಲಸ ಎಸ್ಕೋ ಕಂಪನಿಗೆ, ಅಂದ್ರೆ ಉಳಿತಾಯದಿಂದಲೇ ತಮ್ಮ ದುಡ್ಡು ತಗೊಳ್ಳೋರಿಗೆ ಕೊಡೋದಾದ್ರೆ, ಕೆಲಸ ಶುರುವಾಗೋಕೆ ಮುಂಚಿನ ಕನಿಷ್ಠ ಹನ್ನೆರಡು ತಿಂಗಳ ಬಿಲ್ಲೇ ಬೇಸ್‌ಲೈನ್ (ಉಳಿತಾಯ ಹೋಲಿಸಿ ನೋಡೋಕೆ ಆಧಾರ) ಅಂತ ಕಾಂಟ್ರಾಕ್ಟ್‌ನಲ್ಲಿ ಇರ್ಲಿ, ಹವಾಮಾನ ಬದಲಾದ್ರೆ, ಬಿಲ್ಡಿಂಗಲ್ಲಿ ಜನ ಜಾಸ್ತಿ ಕಮ್ಮಿ ಆದ್ರೆ ಆ ಲೆಕ್ಕ ಹೇಗೆ ಸರಿ ಮಾಡೋದು ಅಂತಾನೂ ಸಹಿ ಹಾಕೋ ಮುಂಚೆ ಬರೆಸ್ಕೊಳ್ಳಿ.